ಮಾನಪ್ಪ ಮಾಸ್ತರರ ಅಳತೆಪಟ್ಟಿ

ಮಾನಪ್ಪ ಮಾಸ್ತರರಿಗೆ ಯಾವುದನ್ನೂ ಬರೀ ‘ಚಲೋ ಐತಿ’ ಅಂದು ಬಿಟ್ಟುಬಿಡುವ ಗುಣ ಇರಲಿಲ್ಲ. ಚಲೋ ಇದ್ದರೆ ಯಾವುದು ಚಲೋ, ಕೆಟ್ಟಿದ್ದರೆ ಎಲ್ಲಿ ಕೆಟ್ಟಿತು ಅಂತ ಹೇಳಲೇಬೇಕು. ಬಸ್‌ಸ್ಟ್ಯಾಂಡಿನ ರಹಿಮಾಬಿಯ ಚಾದಂಗಡಿಯಲ್ಲಿ ಒಂದು ಗುಟುಕು ಹೀರಿ, ‘ಬಿಸಿ ನಾಲ್ಕು, ಸಕ್ಕರಿ ಎರಡು, ಹಾಲು ಒಂದು’ ಅನ್ನುತ್ತಿದ್ದರು. ‘ನಿಮ್ಮ ನಾಲಿಗಿಗಿ ನಾ ಎಷ್ಟ ಹಾಕ್ಲಿರಿ ಮಾಸ್ತರ’ ಅಂತ ರಹಿಮಾಬಿ ಕೇಳಿದರೆ ನಾವೆಲ್ಲ ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. ಆ ಪ್ರಶ್ನೆಯ ಬಗ್ಗೆಯೂ ಯೋಚಿಸುತ್ತಿದ್ದರು.

ಆಲಮೇಲದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ನಮ್ಮ ಹೈಸ್ಕೂಲು. ನಾನು ಹಲಸಂಗಿ ಕಡೆಯವಳು, ಸಿಂದಗಿಯಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬಂದು ಕನ್ನಡ ಕಲಿಸುತ್ತಿದ್ದೆ. ಮಾನಪ್ಪ ಮಾಸ್ತರರು ಗಣಿತದವರು. ಶಾಲೆ ಇದ್ದ ಊರಿನ ಕೆಳಗಿನ ಕೇರಿಯಲ್ಲೇ ಹುಟ್ಟಿ ಬೆಳೆದವರು, ಆ ಕೇರಿಯಿಂದ ಮೊದಲು ಮಾಸ್ತರಿಕೆಗೆ ಬಂದವರು. ಅವರ ಅಪ್ಪನ ಕಾಲಕ್ಕೇ ಮನೆಗೆ ಬುದ್ಧನ ಪಟ ಬಂದಿತ್ತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ತಾಯಿ ಶೆಟ್ಟೆವ್ವ ಬಸ್‌ಸ್ಟ್ಯಾಂಡಿನಲ್ಲಿ ಕುದಿಸಿದ ಶೇಂಗಾ ಮಾರುತ್ತಿದ್ದಳು. ಮಗ ಮಾಸ್ತರನಾದ ಮೇಲೂ ಬುಟ್ಟಿ ಬಿಡಲಿಲ್ಲ. ‘ಕುಂತು ತಿಂದ್ರ ಮೈ ಬರತೈತಿ, ಬುದ್ಧಿ ಹೋಗತೈತಿ’ ಅನ್ನುತ್ತಿದ್ದಳು. ಮನೆಯಲ್ಲಿದ್ದ ಇನ್ನೊಬ್ಬಳು ಮಾಸ್ತರರ ಮಗಳು ಪಲ್ಲವಿ, ಅಪ್ಪನ ಮೂಗು, ಅಪ್ಪನ ಹಟ, ನಾಲಿಗೆ ಮಾತ್ರ ಅಜ್ಜಿಯದು.

ಎರಡು ಸಾವಿರದ ಮೂರರ ಸುಮಾರಿಗೆ ನಮ್ಮ ಶಾಲೆಗೆ ಕಂಪ್ಯೂಟರುಗಳು ಬಂದವು. ಬಂದ ಮೊದಲ ವಾರ ಅವುಗಳಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕೋಣೆಗೆ ಬೀಗ ಹಾಕಿದ್ದಾಯಿತು. ನಮ್ಮ ಹೆಡ್‌ಮಾಸ್ತರ ರಾಚಪ್ಪನವರಿಗೆ ಹೊಸ ವಸ್ತು ಕಂಡರೆ ಕೆಡುತ್ತದೆ ಎಂಬ ಹೆದರಿಕೆ. ‘ಮುಟ್ಟದಿದ್ರ ಕೆಡೂದಿಲ್ಲ’ ಎನ್ನುವುದು ಅವರ ಸಿದ್ಧಾಂತ. ಉಳಿದ ಮಾಸ್ತರರೂ ಮೌಸ್ ಹಿಡಿಯಲು ಹಿಂದೆಮುಂದೆ ನೋಡಿದಾಗ, ತರಬೇತಿಗೆ ವಿಜಾಪುರಕ್ಕೆ ಹೋಗುವ ಪಾಳಿ ಮಾನಪ್ಪ ಮಾಸ್ತರರಿಗೆ ಬಂತು.

ಎಲ್ಲರೂ ತರಬೇತಿಯಿಂದ ಒಂದು ಚೀಲ, ಒಂದು ಪೆನ್ನು ತರುತ್ತಾರೆ. ಇವರು ತಂದದ್ದು ರೂಬ್ರಿಕ್ ಎಂಬ ಒಂದು ಹಾಳೆ. ಮಕ್ಕಳು ಕಂಪ್ಯೂಟರಿನಲ್ಲಿ ಮಾಡುವ ಪ್ರಾಜೆಕ್ಟಿಗೆ ಕಣ್ಣಂದಾಜಿನಲ್ಲಿ ಅಂಕ ಹಾಕಬಾರದು. ವಿಷಯ, ಜೋಡಣೆ, ಕಂಪ್ಯೂಟರಿನ ಬಳಕೆ, ಸ್ವಂತ ಕೆಲಸ ಅಂತ ನಾಲ್ಕು ಸಾಲು ಮಾಡಬೇಕು. ಪ್ರತಿ ಸಾಲಿಗೆ ಒಂದರಿಂದ ನಾಲ್ಕರವರೆಗೆ ನಾಲ್ಕು ಚೌಕ. ಒಂದು ಅಂಕ ಬರಬೇಕಾದರೆ ಕೆಲಸ ಹೇಗಿರುತ್ತದೆ, ನಾಲ್ಕು ಬರಬೇಕಾದರೆ ಹೇಗಿರಬೇಕು ಅಂತ ಪ್ರತಿ ಚೌಕದಲ್ಲಿ ಮಾತಿನಲ್ಲಿ ಬರೆದಿರಬೇಕು. ಅದನ್ನು ಕೆಲಸ ಶುರು ಮಾಡುವ ಮೊದಲೇ ಮಕ್ಕಳ ಕೈಗೆ ಕೊಡಬೇಕು.

ಹಾಳೆ ಇಂಗ್ಲಿಷಿನಲ್ಲಿತ್ತು. ‘ಅಕ್ಕಾರ, ಇದನ್ನ ನಮ್ಮ ಹುಡುಗರಿಗೆ ತಿಳಿಯೂ ಕನ್ನಡದಾಗ ಬರದು ಕೊಡ್ರಿ’ ಅಂತ ನನ್ನ ಮೇಜಿನ ಮೇಲಿಟ್ಟರು. ಒಂದೊಂದು ಚೌಕಕ್ಕೂ ನಾವು ಜಗಳಾಡಿದೆವು. ‘ಉತ್ತಮ’ ಅಂತ ಬರೆದರೆ ಹೊಡೆದುಹಾಕುತ್ತಿದ್ದರು. ‘ಉತ್ತಮ ಅಂದ್ರ ಏನ್ರಿ? ಯಾರಿಗೆ ಉತ್ತಮ? ಕಾಣುವಂಥಾದ್ದು ಬರೀರಿ.’ ಅಷ್ಟು ಪೀಡಿಸಿದ್ದಕ್ಕೆ ಒಂದು ದಿನ ಸಿಟ್ಟಿಗೆದ್ದು, ಮೂರು ಪೈಸೆಯ ಸ್ಲೈಡಿಗೆ ಆರು ಪೈಸೆಯ ಪಂಚಾಯಿತಿ ಯಾಕೆ ಅಂತ ಕೇಳಿಬಿಟ್ಟೆ. ಆಗ ಅವರು ತಮ್ಮ ಕಾಲೇಜಿನ ಮಾತು ಹೇಳಿದರು.

ಪಿಯುಸಿಯ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಇವರ ಹೆಸರು ಕೇಳಿದರು, ಊರು ಕೇಳಿದರು, ಊರಲ್ಲಿ ಮನೆ ಯಾವ ಕಡೆ ಅಂತ ಕೇಳಿದರು. ಪ್ರಯೋಗದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪಾಸಾಗುವಷ್ಟು ಮಾತ್ರ ಹಾಕಿದರು. ಇವರ ಲೆಕ್ಕ ನೋಡಿ ಬರೆದುಕೊಂಡ ಪಕ್ಕದ ಹುಡುಗನಿಗೆ ತುಂಬ ಬಂತು. ಯಾಕೆ ಸರ್ ಅಂತ ಕೇಳಿದ್ದಕ್ಕೆ, ಪಾಸು ಮಾಡಿದ್ದೇನಲ್ಲ, ಇನ್ನೇನು ಬೇಕು ಅಂದರಂತೆ.

‘ಕಡಿಮಿ ಕೊಟ್ಟಿದ್ದಕ್ಕ ಅಲ್ರಿ ಅಕ್ಕಾರ’ ಅಂದರು. ‘ಯಾಕ ಕಡಿಮಿ ಅಂತ ಹೇಳಲಿಲ್ಲ ನೋಡ್ರಿ, ಅದು. ಹೇಳಿದ್ರ ನಾ ಜಗಳಾಡ್ತಿದ್ದೆ, ಇಲ್ಲಾ ತಿದ್ದಿಕೊಳ್ತಿದ್ದೆ. ಹೇಳದಿದ್ರ ಏನ್ ಮಾಡೂದು?’

ಆಮೇಲೆ ನಾನು ಚೌಕಗಳ ವಿಷಯದಲ್ಲಿ ಜಗಳ ತೆಗೆಯಲಿಲ್ಲ. ಅವರು ಬೇಡ ಅಂದದ್ದನ್ನು ಹೊಡೆದು ಮತ್ತೆ ಬರೆದೆ.

ಹಾಳೆಯಲ್ಲಿ ಇಲ್ಲದ ಒಂದು ಪದ್ಧತಿಯನ್ನು ಮಾಸ್ತರರು ತಾವೇ ಸೇರಿಸಿದರು. ಪ್ರಾಜೆಕ್ಟು ತೋರಿಸಿದ ಮೇಲೆ ಹುಡುಗ ಎದ್ದು ನಿಲ್ಲಬೇಕು. ಯಾವ ಚೌಕದಿಂದ ಅಂಕ ಬಂತೋ ಆ ಚೌಕವನ್ನು ಮಾಸ್ತರರು ಗಟ್ಟಿಯಾಗಿ ಓದಬೇಕು. ಓದಿ, ‘ಒಪ್ಪಿಗಿ ಐತೇನು?’ ಅಂತ ಕೇಳಬೇಕು. ಒಪ್ಪಿಗೆ ಇದ್ದರೆ ಕೂಡಬಹುದು. ಇಲ್ಲದಿದ್ದರೆ ಯಾಕೆ ಇಲ್ಲ ಅಂತ ಹಾಳೆ ಹಿಡಿದು ವಾದಿಸಬೇಕು. ಗೆದ್ದರೆ ಅಂಕ ಏರುತ್ತದೆ.

ಮೊದಲ ತಿಂಗಳು ಮಕ್ಕಳಿಗೆ ನಂಬಿಕೆ ಬರಲಿಲ್ಲ. ಮಾಸ್ತರರ ಜೊತೆ ವಾದ ಮಾಡಿದರೆ ಬೆತ್ತ ಬೀಳುತ್ತದೆ ಅಂತಲೇ ಅವರಿಗೆ ಗೊತ್ತಿದ್ದದ್ದು. ಸಗೀರಾ ಎಂಬ ಹುಡುಗಿ ಒಂದು ದಿನ ಹಾಳೆ ಹಿಡಿದು ನಿಂತು ‘ಇಲ್ರಿ’ ಅಂದಳು, ಜೋಡಣೆಯ ಸಾಲಿನಲ್ಲಿ ಎರಡಿದ್ದದ್ದನ್ನು ಮೂರು ಮಾಡಿಸಿಕೊಂಡು ಕೂತಳು. ಅಷ್ಟೇ ಸಾಕಾಯಿತು. ಆಮೇಲೆ ನಮ್ಮ ಒಂಬತ್ತನೆಯ ವರ್ಗ ಸಿಂದಗಿಯ ಕೋರ್ಟಿನ ಹಾಗೆ ಕೇಳಿಸತೊಡಗಿತು. ನನ್ನ ವ್ಯಾಕರಣದ ಪಾಠದಲ್ಲೂ ‘ಒಪ್ಪಿಗಿ ಇಲ್ರಿ’ ಶುರುವಾಯಿತು. ನನಗೆ ತಲೆನೋವು, ಆದರೆ ಖುಷಿಯೂ ಆಗಿತ್ತು. ಬಾಯಿ ತೆರೆಯದ ಮಕ್ಕಳಿಗೆ ಪಾಠ ಹೇಳಿ ಹೇಳಿ ಬೇಸತ್ತವಳು ನಾನು.

ಊರಿನ ಗುರುಲಿಂಗಪ್ಪನವರು ಶಾಲೆಯ ಸಮಿತಿಗೆ ಅಧ್ಯಕ್ಷರು, ದೊಡ್ಡ ಲಿಂಬೆ ತೋಟದವರು. ಅವರ ಮಗ ಅಮಿತ ನಮ್ಮ ಒಂಬತ್ತನೆಯ ವರ್ಗದವನು. ಲಿಂಬೆಹಣ್ಣಿನ ಮೇಲೆ ಅವನು ಒಂದು ಪ್ರಾಜೆಕ್ಟು ಮಾಡಿದ್ದ. ಹಣ್ಣುಗಳು ನಾಲ್ಕೂ ದಿಕ್ಕಿನಿಂದ ಹಾರಿ ಬರುತ್ತಿದ್ದವು, ಬಂದಾಗೊಮ್ಮೆ ಢಣ್ ಅಂತ ಸಪ್ಪಳ. ಲಿಂಬೆಯ ಬಗ್ಗೆ ಮಾತ್ರ ಎರಡು ವಾಕ್ಯವೂ ಇರಲಿಲ್ಲ. ವಿಷಯದ ಸಾಲಿನಲ್ಲಿ ಒಂದು ಬಿತ್ತು. ಹುಡುಗ ವಾದಿಸಿ ಸೋತ, ಮನೆಗೆ ಹೋಗಿ ಅತ್ತ. ಮರುದಿನ ಗುರುಲಿಂಗಪ್ಪನವರು ಮೋಟರ್‌ಸೈಕಲ್ ಏರಿ ಬಂದೇಬಿಟ್ಟರು. ರಾಚಪ್ಪನವರ ಮುಖ ಬೆಳ್ಳಗಾಯಿತು.

ಮಾಸ್ತರರು ಹಾಳೆ ತೆಗೆದು ಒಂದರ ಚೌಕ ಓದಿದರು. ‘ಚಿತ್ರಗಳಿವೆ, ವಿಷಯ ತಿಳಿಯುವುದಿಲ್ಲ.’ ಗುರುಲಿಂಗಪ್ಪನವರು ತಲೆ ಕೆರೆದುಕೊಂಡರು. ‘ಬರದದ್ದು ಐತಿ, ಮತ್ತ ಹಂಗs ಐತಿ. ನಾ ಏನ್ ಮಾತಾಡ್ಲಿ’ ಅಂದರು. ಏಳುವಾಗ ನಗುತ್ತ ಒಂದು ಮಾತು ಸೇರಿಸಿದರು.

‘ನಿಮ್ಮ ಮಗಳೂ ಇದೇ ವರ್ಗದಾಗ ಅದಾಳಲ್ರಿ ಮಾಸ್ತರ? ಹೆತ್ತವರಿಗೆ ಹೆಗ್ಗಣಾನೂ ಮುದ್ದಂತ. ಆಕಿ ಪಾಳಿ ಬಂದಾಗ ನಾನೂ ಬಂದು ಕುಂತು ಕೇಳ್ತೇನಿ.’

ಅದು ಬರೀ ತಮಾಷೆ. ಅವರು ನನಗೂ ಹಾಗೆಯೇ ಮಾತಾಡುತ್ತಿದ್ದರು. ನಾನೂ ನಕ್ಕೆ. ಮಾನಪ್ಪ ಮಾಸ್ತರರು ಹಾಳೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

ಡಿಸೆಂಬರಿನಲ್ಲಿ ಸಿಂದಗಿಯಲ್ಲಿ ತಾಲೂಕಿನ ಶಾಲೆಗಳ ಪ್ರದರ್ಶನ ಅಂತ ಸುದ್ದಿ ಬಂತು. ಒಂದು ಶಾಲೆಯಿಂದ ಒಂದೇ ಪ್ರಾಜೆಕ್ಟು. ಯಾವುದು ಅನ್ನುವುದನ್ನು ಊರ ಹಿರಿಯರ ಎದುರಿಗೇ ಆರಿಸೋಣ, ಆಮೇಲೆ ಯಾರದೂ ತಕರಾರು ಬೇಡ ಅಂತ ರಾಚಪ್ಪನವರು ಠರಾವು ಮಾಡಿದರು.

ಪಲ್ಲವಿಗೆ ಆ ಪ್ರದರ್ಶನದ ಹುಚ್ಚು ಹಿಡಿಯಿತು. ಅವಳು ಆರಿಸಿಕೊಂಡದ್ದು ನಮ್ಮೂರ ಬಸ್ಸು. ಬೋರ್ಡಿನ ಮೇಲೆ ಬರೆದ ವೇಳೆಗೂ ಬಸ್ಸು ಬರುವ ವೇಳೆಗೂ ಏನು ಸಂಬಂಧ ಅನ್ನುವುದು ವಿಷಯ. ಅವಳು ಶಾಲೆಯಲ್ಲಿದ್ದಾಗ ಬಸ್ಸು ನೋಡುವವರು ಯಾರು? ಅಜ್ಜಿ ಶೆಟ್ಟೆವ್ವ ಬಸ್ಸು ಬಂದಾಗಲೆಲ್ಲ ಸ್ಟ್ಯಾಂಡಿನ ಗೋಡೆಗೆ ಇದ್ದಲಿನಿಂದ ಗೆರೆ ಎಳೆಯುವುದು, ರಹಿಮಾಬಿ ಅಂಗಡಿಯ ಗಡಿಯಾರ ನೋಡಿ ವೇಳೆ ನೆನಪಿಟ್ಟುಕೊಳ್ಳುವುದು, ಸಂಜೆ ಇವಳು ಹೋಗಿ ಇಬ್ಬರನ್ನೂ ಕೇಳಿ ಬರೆದುಕೊಳ್ಳುವುದು. ಒಂದು ತಿಂಗಳು ಹೀಗೆ ನಡೆಯಿತು. ಕಂಡಕ್ಟರ್ ಒಬ್ಬ ಗೋಡೆ ಯಾಕೆ ಹೊಲಸು ಮಾಡುತ್ತೀ ಅಂತ ಬೈದರೆ, ‘ನಿನ್ನ ತಪ್ಪು ಬರೀಲಿಕ್ಕ ಗ್ವಾಡಿ ಸಾಲವಲ್ದು’ ಅಂದಳಂತೆ ಶೆಟ್ಟೆವ್ವ.

ಸಿಂದಗಿಗೆ ಹೋಗುವುದು ಪಲ್ಲವಿಗೆ ಬಹುಮಾನಕ್ಕಾಗಿ ಅಲ್ಲ. ಅಲ್ಲಿಗೆ ಸಾರಿಗೆಯ ಸಾಹೇಬರೂ ಬರುತ್ತಾರೆ ಅಂತ ಅವಳು ಎಲ್ಲಿಯೋ ಕೇಳಿದ್ದಳು. ‘ಅಕ್ಕಾರ, ಅವರ ಮುಂದ ಇದನ್ನ ಹಚ್ಚಿ ತೋರಿಸ್ತೇನಿ. ಯಾಕ್ ತಡಾ ಅಂತ ಅವರು ಹೇಳಬೇಕು’ ಅಂದಳು. ಅಪ್ಪನ ಮಗಳು.

ಹಿರಿಯರ ಎದುರಿನ ದಿನ ಬಂತು. ಕರೆಂಟು ಮಧ್ಯಾಹ್ನದ ಪಾಳಿಯಲ್ಲಿತ್ತು. ಗುರುಲಿಂಗಪ್ಪನವರು ಮುಂದಿನ ಖುರ್ಚಿಯಲ್ಲಿ ಕೂತರು. ಅಮಿತ ಲಿಂಬೆಯನ್ನು ತಿದ್ದಿಕೊಂಡು ಬಂದಿದ್ದ. ಈ ಸಲ ವಿಷಯವೂ ಇತ್ತು, ಚೆಂದದ ಫೋಟೊಗಳೂ ಇದ್ದವು. ಫೋಟೊಗಳನ್ನು ಅವರಪ್ಪ ಇಂಡಿ ಪಟ್ಟಣದಿಂದ ಸ್ಟುಡಿಯೋದವನನ್ನು ಕರೆಸಿ ತೆಗೆಸಿದ್ದು ಇಡೀ ಊರಿಗೆ ಗೊತ್ತಿತ್ತು. ಸ್ವಂತ ಕೆಲಸದ ಸಾಲಿನಲ್ಲಿ ಮೂರು, ಒಟ್ಟು ಒಳ್ಳೆಯ ಅಂಕ. ಒಪ್ಪಿಗೆ ಅಂತ ಹೇಳಿ ಕೂತ.

ಪಲ್ಲವಿ ಬಂದು ಗುಂಡಿ ಒತ್ತಿದಳು. ಪರದೆಯ ಮೇಲೆ ಎರಡು ಬಣ್ಣದ ಕಂಬಗಳು ಎದ್ದವು. ಒಂದು ಬೋರ್ಡಿನ ಬಸ್ಸು, ಇನ್ನೊಂದು ಖರೆಯ ಬಸ್ಸು. ಸಂತೆಯ ದಿನ ಬೇಗ ಬಂದು ನಿಲ್ಲದೆ ಹೋಗಿದ್ದು, ಸೋಮವಾರ ಬಾರದೇ ಇದ್ದದ್ದು, ಎಲ್ಲವೂ ಅಲ್ಲಿತ್ತು. ಬಸ್ಸು ತಡವಾದ ದಿನ ಪಕ್ಕದ ಹಳ್ಳಿಗಳ ಹುಡುಗಿಯರಲ್ಲಿ ಎಷ್ಟು ಜನ ಶಾಲೆ ತಪ್ಪಿಸಿದರು ಅನ್ನುವುದನ್ನು ಕೆಳಗೆ ಇನ್ನೊಂದು ಗೆರೆಯಲ್ಲಿ ತೋರಿಸಿದ್ದಳು. ಕೋಣೆಯಲ್ಲಿದ್ದವರೆಲ್ಲ ನಕ್ಕರು, ಆಮೇಲೆ ಸುಮ್ಮನಾದರು. ‘ನಮ್ಮ ಬಸ್ಸಿನ ಜಾತಕಾನs ಬರದಾಳ’ ಅಂದರು ಗುರುಲಿಂಗಪ್ಪನವರು. ಕಂಬ ಎಬ್ಬಿಸುವುದನ್ನು ಆ ವರ್ಗದಲ್ಲಿ ಬೇರೆ ಯಾರೂ ಕಲಿತಿರಲಿಲ್ಲ.

ಮಾಸ್ತರರು ಅಂಕ ಓದತೊಡಗಿದರು. ಮೊದಲ ಮೂರು ಸಾಲುಗಳಲ್ಲಿ ಚೆನ್ನಾಗಿಯೇ ಬಂತು. ನಾಲ್ಕನೆಯದಕ್ಕೆ ಬಂದಾಗ ದನಿ ತಗ್ಗಿತು. ‘ಸ್ವಂತ ಕೆಲಸ, ಎರಡು. ಒಪ್ಪಿಗಿ ಐತೇನು?’

ಆ ಎರಡರಿಂದ ಅಮಿತನಿಗಿಂತ ಒಂದು ಅಂಕ ಕೆಳಗಾಗುತ್ತಿತ್ತು. ಎಲ್ಲರೂ ಲೆಕ್ಕ ಹಾಕಿಕೊಂಡರು. ಚೌಕವನ್ನು ಅವರು ಓದಿರಲಿಲ್ಲ ಅನ್ನುವುದನ್ನು ಪಲ್ಲವಿ ಗಮನಿಸಿದ್ದಳು.

‘ಒಪ್ಪಿಗಿ ಇಲ್ರಿ ಸರ್. ಎರಡರ ಚೌಕ ಓದ್ರಿ.’

ಓದಿದರು. ‘ಮಾಹಿತಿ ಬೇರೆಯವರದು. ಅವರ ಹೆಸರು ಹೇಳಿಲ್ಲ.’

‘ನಾ ಹೆಸರು ಹೇಳೇನ್ರಿ. ಕಡೀ ಸ್ಲೈಡ್ ನೋಡ್ರಿ.’ ಅದು ಇನ್ನೂ ಪರದೆಯ ಮೇಲೆಯೇ ಇತ್ತು. ಗೆರೆ ಎಳೆದವರು ನಮ್ಮ ಅಜ್ಜಿ ಶೆಟ್ಟೆವ್ವ, ವೇಳೆ ಹೇಳಿದವರು ರಹಿಮಾಬಿ ಅಂತ ದಪ್ಪ ಅಕ್ಷರದಲ್ಲಿ. ‘ನಾಲ್ಕರ ಚೌಕದಾಗ, ಸಹಾಯ ಮಾಡಿದವರನ್ನು ಹೆಸರಿಸಿದೆ, ಜೋಡಿಸಿ ಅರ್ಥ ಹೇಳಿದ್ದು ತನ್ನದೇ, ಅಂತ ಐತ್ರಿ. ನಂದು ನಾಲ್ಕು ಆಗತೈತಿ.’

‘ಹುಡುಗಿ ಹೇಳೂದು ಖರೆ ಐತಲ್ರಿ ಮಾಸ್ತರ’ ಅಂದರು ಗುರುಲಿಂಗಪ್ಪನವರು.

ಯಾರ ಬಾಯಿಗೆ ಹೆದರಿ ಅವರು ಆ ಎರಡು ಹಾಕಿದ್ದರೋ ಆ ಬಾಯಿಂದಲೇ ಈ ಮಾತು ಬಂದಿತ್ತು. ಸರಿ ಅಂದು ತಿದ್ದಿದ್ದರೆ ಮುಗಿಯುತ್ತಿತ್ತು. ಮಾಸ್ತರರ ಮುಖ ಕೆಂಪಾಯಿತು. ಆ ದೊಡ್ಡ ಮನುಷ್ಯ ಹೇಳಿದ ಮೇಲೆ ಮಗಳಿಗೆ ಏರಿಸಿದರೆ ಅದು ಇನ್ನೂ ಕೆಟ್ಟದ್ದು ಅಂತ ಅವರಿಗೆ ಅನ್ನಿಸಿರಬೇಕು.

‘ಮನಿ ಮಂದಿ ಮಾಡಿಕೊಟ್ಟದ್ದು ಸ್ವಂತ ಕೆಲಸ ಆಗೂದಿಲ್ಲ’ ಅಂದರು.

‘ಹಂಗಂತ ಎಲ್ಲಿ ಬರದೈತ್ರಿ?’

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ‘ಮಾಸ್ತರ, ಚೌಕ ಬರದಾಕಿ ನಾನು. ಅದರ ಅರ್ಥ ಹಂಗಲ್ರಿ’ ಅಂದೆ. ರಾಚಪ್ಪನವರು ಕೂಡ್ರಿ ಕೂಡ್ರಿ ಅಂತ ನನಗೆ ಕೈ ಮಾಡಿದರು.

‘ಅಕ್ಕಾರ, ಅಂಕ ಹಾಕಾವ ನಾನು’ ಅಂದರು ಮಾನಪ್ಪ ಮಾಸ್ತರರು. ಮಗಳ ಕಡೆ ತಿರುಗಲಿಲ್ಲ. ‘ನಾ ಹೇಳಾಕತ್ತೇನಲ್ಲ. ಕೂಡು.’

ಪಲ್ಲವಿ ಕೂತಳು. ಅಳಲಿಲ್ಲ. ವರ್ಗದ ಎಲ್ಲ ಮಕ್ಕಳೂ ಮಾಸ್ತರರನ್ನೇ ನೋಡುತ್ತಿದ್ದರು. ನನಗೆ ಅವತ್ತು ಆ ಮನುಷ್ಯನ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಎಲ್ಲರೂ ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ಕೇಳಿಯೇಬಿಟ್ಟೆ. ‘ಕುಂಬಳಕಾಯಿ ಕದ್ದಾವ ಹೆಗಲು ಮುಟ್ಟಿಕೊಳ್ಳೂದು ಕೇಳೇನಿ. ಕದೀದs ಮುಟ್ಟಿಕೊಂಡಾವರನ್ನ ಇವತ್ತ ನೋಡಿದೆ. ಯಾರಿಗೆ ಹೆದರಿದ್ರಿ?’

ಅವರು ಹಾಳೆಗಳನ್ನು ಜೋಡಿಸಿ ಕಪಾಟಿನಲ್ಲಿಟ್ಟರು. ಆಮೇಲೆ ಅಂದರು. ‘ನೀವು ನಿಮ್ಮ ಮಗಳಿಗೆ ನಾಲ್ಕು ಹಾಕಿದ್ರ ಮಂದಿ ನಗ್ತಾರ್ರಿ ಅಕ್ಕಾರ. ತಾಯಿ ಕರುಳು ಅಂತಾರ. ನಾ ಹಾಕಿದ್ರ ನಾ ತಂದೆ ಆಗಿ ಕಾಣೂದಿಲ್ಲ. ಅವರ ಮಂದಿ ಅವರ ಮಂದಿಗೆ ಹಾಕ್ಕೊಂಡ್ರು ಅಂತಾರ. ಆ ಮ್ಯಾಲ ಈ ಹಾಳಿ ಯಾರು ನಂಬತಾರ?’

‘ಗುರುಲಿಂಗಪ್ಪನವರು ಖರೆ ಅಂದ್ರಲ್ಲ.’

‘ಇವತ್ತ ಅಂದ್ರು.’

ನನ್ನ ಹೆಗಲ ಮೇಲೆ ಆ ಭಾರ ಎಂದೂ ಕೂತಿಲ್ಲ, ಅದರ ತೂಕ ನನಗೆ ತಿಳಿಯದು. ಆದರೂ ಅದನ್ನು ಇಳಿಸಿ ಮಗಳ ತಲೆಯ ಮೇಲೆ ಇಟ್ಟಿದ್ದು ತಪ್ಪು ಅಂತಲೇ ಅಂದೆ. ಅವರು ಇಲ್ಲ ಅನ್ನಲಿಲ್ಲ.

ಅಮಿತ ಸಿಂದಗಿಗೆ ಹೋಗಿ ಬಂದ. ಒಂದು ಸಂಜೆ ನಾನು ಬಸ್ಸಿಗೆ ಕಾಯುತ್ತಿದ್ದಾಗ ಶೆಟ್ಟೆವ್ವ ಬುಟ್ಟಿ ಬಿಟ್ಟು ಎದ್ದು ಬಂದಳು. ಗೋಡೆಯ ಮೇಲೆ ಇದ್ದಲಿನ ಗೆರೆಗಳು ಹಾಗೆಯೇ ಇದ್ದವು.

‘ಅಕ್ಕಾರ, ನಾ ಎಲ್ಲರೆ ಗೆರಿ ತಪ್ಪಿ ಎಳದಿದ್ದೆನೇನ್ರಿ? ಹುಡುಗೀಗ ನನ್ನ ಸಲುವಾಗಿ ಅಂಕ ಕಡಿಮಿ ಬಿದ್ದಾವಂತ.’

ಇಲ್ಲವ್ವ, ನಿನ್ನ ಗೆರೆ ಒಂದೂ ತಪ್ಪಿಲ್ಲ ಅಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ‘ಆಕಿ ಮನ್ಯಾಗ ಮಾತಾಡತಾಳ್ರಿ, ಉಣತಾಳ, ಎಲ್ಲಾ ಮಾಡತಾಳ. ಬರೇ ಜಗಳ ಆಡೂದು ಬಿಟ್ಟಾಳ. ನನಗ ಮನಿ ಬಿಕೋ ಅನ್ನತೈತಿ’ ಅಂದಳು. ಬಸ್ಸು ಬಂತು, ಅವಳ ಕೈಯಲ್ಲಿ ಇದ್ದಲು ಇರಲಿಲ್ಲ.

ಜನವರಿಯಲ್ಲಿ ಮತ್ತೆ ಪ್ರಾಜೆಕ್ಟುಗಳ ಪಾಳಿ. ನನ್ನ ವರ್ಗ ಕಂಪ್ಯೂಟರಿನ ಕೋಣೆಯ ಪಕ್ಕದಲ್ಲೇ, ನಡುವೆ ಇದ್ದದ್ದು ಪ್ಲೈವುಡ್ಡಿನ ಗೋಡೆ, ಎಲ್ಲ ಕೇಳುತ್ತಿತ್ತು. ಮಾಸ್ತರರು ಚೌಕ ಓದಿ ‘ಒಪ್ಪಿಗಿ ಐತೇನು’ ಅನ್ನುತ್ತಿದ್ದರು. ‘ಒಪ್ಪಿಗಿ ರಿ.’ ಮುಂದಿನ ಹುಡುಗ. ‘ಒಪ್ಪಿಗಿ ರಿ.’ ಅದರ ಮುಂದಿನವಳು. ‘ಒಪ್ಪಿಗಿ ರಿ.’ ಹಿಂದೆ ಒಂದು ತಾಸಿಗೆ ಮೂವರದು ಮುಗಿದರೆ ಹೆಚ್ಚು, ಈಗ ಅರ್ಧ ವರ್ಗವೇ ಮುಗಿಯುತ್ತಿತ್ತು. ರಾಚಪ್ಪನವರಿಗೆ ಬಹಳ ಸಮಾಧಾನವಾಯಿತು. ಈಗ ಶಿಸ್ತು ಬಂತು ನೋಡ್ರಿ ಅಂದರು.

ಮಾನಪ್ಪ ಮಾಸ್ತರರಿಗೆ ಅದು ತಡೆಯಲಾಗಲಿಲ್ಲ. ಒಂದು ದಿನ ಸಗೀರಾಳ ಪ್ರಾಜೆಕ್ಟಿಗೆ ಬೇಕೆಂದೇ ತಪ್ಪು ಅಂಕ ಹಾಕಿದರು. ಎಲ್ಲರಿಗೂ ಕಾಣುವ ತಪ್ಪು, ನಾಲ್ಕು ಬರುವಲ್ಲಿ ಒಂದು. ಓದಿದ ಚೌಕಕ್ಕೂ ಪರದೆಯ ಮೇಲಿದ್ದದ್ದಕ್ಕೂ ಸಂಬಂಧವೇ ಇರಲಿಲ್ಲ. ಓದಿ, ಕಾದರು. ಆ ವರ್ಗದಲ್ಲಿ ಮೊದಲು ‘ಇಲ್ರಿ’ ಅಂದ ಹುಡುಗಿ ಅವಳು.

‘ಒಪ್ಪಿಗಿ ರಿ’ ಅಂದಳು ಸಗೀರಾ.

ಮರುದಿನ ಅವರು ನನ್ನನ್ನೂ ರಾಚಪ್ಪನವರನ್ನೂ ಆ ವರ್ಗಕ್ಕೆ ಕರೆದರು. ಮಕ್ಕಳ ಎದುರು ನಿಂತು, ತಪ್ಪು ಮಾಡಿದ್ದೇನೆ ಅಂದರು. ಮಂದಿ ಏನಂದಾರು ಅಂತ ಹೆದರಿ ಪಲ್ಲವಿಗೆ ಎರಡು ಹಾಕಿದೆ, ಹಾಳೆಯಲ್ಲಿ ಇಲ್ಲದ ಮಾತು ಹೇಳಿದೆ, ಯಾಕೆ ಅಂತ ಕೇಳಿದಾಗ ಕೂಡು ಅಂದೆ, ನಿನ್ನೆ ಸಗೀರಾಳಿಗೂ ತಪ್ಪು ಹಾಕಿದೆ. ಒಂದನ್ನೂ ಮುಚ್ಚಿಡಲಿಲ್ಲ. ಅವತ್ತಿನ ಸಿಟ್ಟು ಇನ್ನೂ ಇದ್ದರೂ ನನ್ನ ಕಣ್ಣು ತುಂಬಿತು. ಅಪ್ಪನಾದವನು, ಮಾಸ್ತರನಾದವನು ಇಷ್ಟು ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆಮೇಲೆ ಪಲ್ಲವಿಯನ್ನು ಎಬ್ಬಿಸಿದರು. ನಾಲ್ಕರ ಚೌಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ‘ಸ್ವಂತ ಕೆಲಸ, ನಾಲ್ಕು’ ಅಂದರು. ‘ಒಪ್ಪಿಗಿ ಐತೇನು?’

ಪಲ್ಲವಿ ಅಪ್ಪನ ಮುಖವನ್ನು ನೇರ ನೋಡಿದಳು. ಅವಳಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

‘ನೀವು ಎಷ್ಟ್ ಹಾಕಿದ್ರೂ ಒಪ್ಪಿಗಿ ರಿ ಸರ್’ ಅಂದಳು.

ಮಾಸ್ತರರು ಹಾಳೆಯನ್ನು ಮೇಜಿನ ಮೇಲಿಟ್ಟರು. ಕೂಡು ಅಂದರು, ಮತ್ತು ಮುಂದಿನ ಹೆಸರು ಕರೆದರು.